ಎಡಗಡೆಯ ಬ್ರೇಕು

ರುದ್ರಸ್ವಾಮಿಯ ಬೂಟುಗಳಲ್ಲಿ ಬಲಗಾಲಿನದೇ ಯಾವಾಗಲೂ ಮೊದಲು ಸವೆಯುತ್ತಿತ್ತು. ಹಿಮ್ಮಡಿಯಲ್ಲಿ ಅಲ್ಲ, ಹೆಬ್ಬೆರಳಿನ ಬುಡದಲ್ಲಿ, ಹಳೆಯ ಎಂಟಾಣೆಯಷ್ಟು ಅಗಲಕ್ಕೆ. ರಾಜೀವನಗರದಲ್ಲಿ ಬೂಟು ಹೊಲಿಯುವ ಮುದುಕ ಅದನ್ನು ತಿರುಗಿಸಿ ನೋಡಿ, ಈ ಕಾಲಿಗೆ ಭೂಮಿಯ ಮೇಲೆ ಅಷ್ಟೇನು ಸಿಟ್ಟು ಎಂದು ಪ್ರತಿ ಸಲ ಕೇಳುತ್ತಿದ್ದ. ಸಿಟ್ಟಲ್ಲ, ಕನಿಕರ ಎನ್ನಬೇಕೆಂದು ರುದ್ರಸ್ವಾಮಿಗೆ ಅನ್ನಿಸಿದರೂ ಅನ್ನುತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವನು ಡ್ರೈವಿಂಗ್ ಸ್ಕೂಲಿನ ಕಾರಿನ ಎಡಗಡೆಯ ಸೀಟಿನಲ್ಲಿ ಕೂತಿದ್ದ. ಅಲ್ಲಿ, ಕಲಿಸುವವನ ಕಾಲಬುಡದಲ್ಲಿ, ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು ಇರುತ್ತವೆ. ಬಲಗಡೆಯ ಪೆಡಲುಗಳಿಗೆ ಕಂಬಿ ಕಟ್ಟಿ ಜೋಡಿಸಿದಂಥವು, ಕಲಿಯುವವರು ಎಡವಟ್ಟು ಮಾಡಿದಾಗ ಒತ್ತುವುದಕ್ಕೆ. ಉಳಿದ ಮೇಷ್ಟ್ರುಗಳು ಅದನ್ನು ಧಡಕ್ಕನೆ ಒತ್ತಿ, ಮೇಲಿಂದ ನಾಲ್ಕು ಮಾತೂ ಅಂದು, ಕಲಿಯುವವರ ಕಣ್ಣಲ್ಲಿ ನೀರು ತರಿಸುತ್ತಿದ್ದರು. ಮೊದಲ ವರ್ಷ ರುದ್ರಸ್ವಾಮಿಯೂ ಅಷ್ಟೇ. ಒಂದು ದಿನ ಬ್ಯಾಂಕಿನ ಹೆಂಗಸೊಬ್ಬಳು ಅವನ ಬೈಗುಳ ಮುಗಿಯುವ ಮೊದಲೇ ಕಾರನ್ನು ನಡುರಸ್ತೆಯಲ್ಲಿ ಬಿಟ್ಟು ಇಳಿದು, ಬರಿಗಾಲಲ್ಲಿ ನಡೆದು ಹೋಗಿಬಿಟ್ಟಳು. ಕಲಿಯುವಾಗ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಇಡುವುದು ಅವಳ ರೂಢಿ. ಆ ಚಪ್ಪಲಿ ಜೋಡಿ ಒಂದು ವಾರ ಕಾರಿನಲ್ಲೇ ಇತ್ತು, ಯಾರೂ ಕೇಳಿಕೊಂಡು ಬರಲಿಲ್ಲ. ಆ ವಾರದಲ್ಲಿ ಅವನ ಬಲಗಾಲು ಬೇರೆಯೇ ವಿದ್ಯೆ ಕಲಿಯಿತು.

ಬ್ರೇಕು ಒತ್ತಿದ್ದು ಪಕ್ಕದವರಿಗೆ ಗೊತ್ತಾಗಬಾರದು, ಅದು ಆ ವಿದ್ಯೆ. ಕಲಿಯುವವರು ತಡಬಡಾಯಿಸಿ ಕ್ಲಚ್ಚನ್ನೋ ಇನ್ನೇನನ್ನೋ ತುಳಿಯುವ ಹೊತ್ತಿಗೆ ಸರಿಯಾಗಿ, ಕೂಸಿನ ಬೆನ್ನು ಸವರಿದಷ್ಟು ಮೆತ್ತಗೆ, ಇವನ ಹೆಬ್ಬೆರಳ ಬುಡ ಕೆಳಗಿಳಿಯುತ್ತಿತ್ತು. ಕಾರು ನಿಂತರೆ ತಾವೇ ನಿಲ್ಲಿಸಿದೆವೆಂದು ಅವರು ಹಿಗ್ಗುತ್ತಿದ್ದರು. ಇವನು ಕಿಟಕಿಯಾಚೆ ನೋಡುತ್ತ, ಚೆನ್ನಾಗಿತ್ತು ಎನ್ನುತ್ತಿದ್ದ. ಹೆದರುಪುಕ್ಕಲರನ್ನೆಲ್ಲ ಸ್ಕೂಲಿನ ಮಾಲೀಕ ಇವನ ಕಾರಿಗೇ ಹಾಕತೊಡಗಿದ. ರುದ್ರಸ್ವಾಮಿ ಹತ್ತಿರ ಕಲಿತರೆ ಭಯವೇ ಇಲ್ಲ ಎಂಬ ಮಾತು ಊರಲ್ಲೆಲ್ಲ ಹಬ್ಬಿತು. ಆಯುಧಪೂಜೆಯ ದಿನ ಉಳಿದವರು ಕಾರಿನ ಮೂತಿಗೆ ಹೂವಿನ ಹಾರ ಕಟ್ಟುತ್ತಿದ್ದರೆ ಇವನು ಎಡಬಾಗಿಲಿನಿಂದ ತಲೆ ತೂರಿಸಿ, ಯಾರಿಗೂ ಕಾಣದಂತೆ ಆ ಪುಟ್ಟ ಬ್ರೇಕಿಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದ. ಇವತ್ತು ಗುರುವಾರ ಬೆಳಿಗ್ಗೆ, ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿದ ಮೇಲೆ, ರೇಷನ್ ಅಂಗಡಿಯ ದಢೂತಿ ಮನುಷ್ಯನೊಬ್ಬನ ಪಕ್ಕದಲ್ಲಿ ಕೂತಿದ್ದಾಗ ನಾಯಿಯೊಂದು ಅಡ್ಡ ಬಂತು. ಕಾರು ನಯವಾಗಿ ನಿಂತಿತು. ಹೆಂಗೆ ನಿಲ್ಲಿಸಿದೆ ನೋಡಿದ್ರಾ ಎಂದು ಅವನು ಮೀಸೆಯಡಿ ನಕ್ಕ. ಚೆನ್ನಾಗಿತ್ತು ಎಂದು ರುದ್ರಸ್ವಾಮಿ ಕಿಟಕಿಯಾಚೆ ನೋಡಿದ. ಅಲ್ಲಿ ಹೊಂಗೆಮರದ ಕೆಳಗೆ ಗಿರಿಜಾ ನಿಂತಂತಾಯಿತು. ನಿಂತಿರಲಿಲ್ಲ. ಈ ನಡುವೆ ಎಲ್ಲಿ ಬ್ರೇಕು ಒತ್ತಿದರೂ ಅವನಿಗೆ ಹೆಂಡತಿಯ ಮುಖ ಕಾಣುತ್ತಿತ್ತು.

ಗಿರಿಜಾ ಮದುಮಗಳಿಗೆ ಅಲಂಕಾರ ಮಾಡುವವಳು. ಊರಿನ ಅರ್ಧ ಛತ್ರಗಳ ಹಿಂಬಾಗಿಲು ಅವಳಿಗೆ ಗೊತ್ತು. ಬೆಳಗಿನ ಜಾವದ ಮುಹೂರ್ತವಿದ್ದರೆ ನಾಲ್ಕಕ್ಕೆಲ್ಲ ಅಲ್ಲಿರಬೇಕು. ಆ ಹೊತ್ತಿಗೆ ಬರುತ್ತೇನೆಂದ ಆಟೋದವನು ಫೋನ್ ಎತ್ತುವುದಿಲ್ಲ, ಎರಡು ಪೆಟ್ಟಿಗೆ ಹೊತ್ತು ಅವಳು ಬೀದಿ ಕೊನೆಯಲ್ಲಿ ನಿಂತಿರುತ್ತಾಳೆ. ಹೋದ ವರ್ಷ ಒಂದು ದಿನ, ನನಗೂ ಕಲಿಸಿ ಎಂದಳು. ಕಲಿಸಿದ. ಲೈಸೆನ್ಸ್ ಬಂತು. ಅವಳು ಅದನ್ನು ದೇವರ ಮುಂದಿಟ್ಟು, ಆಮೇಲೆ ಪರ್ಸಿಗೆ ಹಾಕಿಕೊಂಡು, ಇನ್ನು ಒಂದು ಕಾರು ನೋಡಿ ಎಂದಳು. ಅವಳ ಬೇಡಿಕೆ ದೊಡ್ಡದೇನಲ್ಲ: ನಡುದಾರಿಯಲ್ಲಿ ಕೈಕೊಡಬಾರದು, ನಮ್ಮ ಕೈಗೆಟುಕಬೇಕು. ಮುಂದಿನ ಭಾನುವಾರವಲ್ಲ, ಅದರಾಚೆಯದು, ತಿರುಮಕೂಡಲು ನರಸೀಪುರದಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದಳು. ನೀವು ಬರೋದೇನೂ ಬೇಡ, ನಾನೊಬ್ಬಳೇ ಹೋಗಿ ಬರ್ತೀನಿ ಎಂದು ಅವಳು ಸಾರಿಗೆ ಒಗ್ಗರಣೆ ಹಾಕುತ್ತ ಹೇಳಿದಾಗ ರುದ್ರಸ್ವಾಮಿಯ ಬಲಗಾಲು ಅಡುಗೆಮನೆಯ ನೆಲವನ್ನು ಮೆಲ್ಲಗೆ ಒತ್ತಿತು.

ಅವಳಿಗೆ ಓಡಿಸಲು ಬರುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವನಿಗೇ ಗೊತ್ತಿರಬೇಕಾಗಿತ್ತು. ಹೆಂಡತಿ ಎಂದು ಉಳಿದವರಿಗಿಂತ ಒಂದು ಕೈ ಹೆಚ್ಚೇ ಕನಿಕರ ತೋರಿಸಿದ್ದ. ಯಾವುದು ಅವಳ ಕಾಲು, ಯಾವುದು ತನ್ನದು ಎಂಬುದು ಕಲಸಿಹೋಗಿತ್ತು. ಇದನ್ನು ಅವಳಿಗೆ ಹೇಳುವ ಬದಲು ಅವನು ಕಾರು ಹುಡುಕಲು ಹೊರಟ. ಒಂದು ತಿಂಗಳಲ್ಲಿ ಹನ್ನೊಂದು ಕಾರು ನೋಡಿ ಬೇಡವೆಂದ. ಪ್ರತಿ ಕಾರಿನಲ್ಲೂ ಮೊದಲು ಎಡಬಾಗಿಲು ತೆಗೆದು, ಮಂಡಿಯೂರಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ನೋಡುತ್ತಿದ್ದ. ಮಾರುವವರು ಇವನೇನೋ ತುಕ್ಕು ಹುಡುಕುತ್ತಿದ್ದಾನೆಂದು ಗಾಬರಿಯಾಗಿ, ಮಳೆಗಾಲದಲ್ಲಿ ಹೊರಗೇ ತೆಗೆದಿಲ್ಲ ಎಂದು ಕೇಳದೆಯೇ ಹೇಳುತ್ತಿದ್ದರು. ಅವನು ಹುಡುಕುತ್ತಿದ್ದುದು ಎರಡು ಪೆಡಲಿಗೆ ಜಾಗ. ಸ್ವಂತ ಕಾರಿಗೂ ಎಡಗಡೆ ಬ್ರೇಕು ಹಾಕಿಸಿಬಿಟ್ಟರೆ, ಭಾನುವಾರವೇ ಆಗಲಿ ಬೇರೆ ದಿನವೇ ಆಗಲಿ, ಪೆಟ್ಟಿಗೆ ಎತ್ತಿಕೊಡುವ ನೆಪದಲ್ಲಿ ಜೊತೆಗೆ ಹೋದರಾಯಿತು. ಸಾಯುವವರೆಗೂ ಪೆಟ್ಟಿಗೆ ಎತ್ತಿದರಾಯಿತು. ಮೇಟಗಳ್ಳಿಯಲ್ಲಿ ಗ್ಯಾರೇಜು ಇಟ್ಟಿದ್ದ ಸಿದ್ದುವಿಗೆ ಇದನ್ನು ಹೇಳಿದಾಗ ಅವನು ಸ್ಪ್ಯಾನರು ಕೆಳಗಿಟ್ಟು ಇವನನ್ನೇ ನೋಡಿದ. ಸ್ಕೂಲಿನ ಕಾರುಗಳಿಗೆಲ್ಲ ಪೆಡಲು ಜೋಡಿಸುವವನು ಅವನೇ.

"ಸ್ವಂತ ಗಾಡಿಗೆ ಯಾರಣ್ಣ ಆಕಿಸ್ಕತಾರೆ? ಅತ್ಗೆ ಕೇಳುದ್ರೆ ಏನಂತ ಏಳ್ತೀಯ?"

ಮಗಳೊಬ್ಬಳಿದ್ದಾಳಲ್ಲ, ಅವಳಿಗೂ ಕಲಿಸಬೇಕು ಎಂದು ರುದ್ರಸ್ವಾಮಿ ಸುಳ್ಳು ಹೇಳಿದ. ಅವರಿಗೆ ಮಕ್ಕಳಿರಲಿಲ್ಲ, ಸಿದ್ದುವಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನು ಸ್ಪ್ಯಾನರು ಎತ್ತಿಕೊಂಡ. ಆ ಸುಳ್ಳು ಬಾಯಿಗೆ ಹೇಗೆ ಬಂತೆಂದು ರುದ್ರಸ್ವಾಮಿ ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿ ಬೆವೆತ. ಇದರ ಜೊತೆಗೆ ಇನ್ನೊಂದು ನಾಚಿಕೆಯೂ ಇತ್ತು, ಅದನ್ನಂತೂ ಅವನು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಅವನಿಗೆ ಓಡಿಸಲು ಖುಷಿ ಕೊಡುವ ಕಾರು ಬೇಕಿತ್ತು. ಇಪ್ಪತ್ತೆರಡು ವರ್ಷ ಎರಡನೇ ಗೇರಿನಲ್ಲಿ, ಬೇರೆಯವರ ಕೈಯಲ್ಲಿ, ತೆವಳಿದ ಮನುಷ್ಯ. ಮೂರನೇ ಗೇರಿಗೆ ಬಿದ್ದಾಗ ಕಾರು ಸಣ್ಣಗೆ ಮುಂದಕ್ಕೆ ಹಾರಬೇಕು, ತಿರುವಿನಲ್ಲಿ ಮೈ ವಾಲಬೇಕು, ಸ್ಟೀರಿಂಗು ಕೈಯೊಳಗೆ ಜೀವ ಇದ್ದಂತೆ ಆಡಬೇಕು. ಐವತ್ತರ ಹತ್ತಿರ ಬಂದವನಿಗೆ ಎಂಥ ಆಸೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಆದರೂ ಹನ್ನೊಂದು ಕಾರುಗಳಲ್ಲಿ ಪೆಡಲಿಗೆ ಜಾಗವಿದ್ದ ಏಳನ್ನು ಅವನು ಬಿಟ್ಟದ್ದು ಈ ಕಾರಣಕ್ಕೇ.

ಬಿಂದುಮಾಧವನ ಫೋನು ಬಂದದ್ದು ಬೆಳಗಿನ ಕೊನೆಯ ಕ್ಲಾಸು ಮುಗಿಸಿ ಅವನು ಇಡ್ಲಿ ತಿನ್ನುತ್ತಿದ್ದಾಗ. ಬಿಂದುಮಾಧವ ಹಳೆ ಕಾರುಗಳ ದಲ್ಲಾಳಿ, ಪ್ರತಿ ಕಾರನ್ನೂ ಮನೆಮಗಳೆಂಬಂತೆ ವರ್ಣಿಸುವವನು. ಇದೇ ಕೊನೆ, ಇದನ್ನೂ ಬೇಡ ಅಂದರೆ ನೀವು ಎತ್ತಿನಗಾಡಿಯನ್ನೇ ನೋಡಿಕೊಳ್ಳಬೇಕು ಎಂದು ಶುರು ಮಾಡಿದ. ಕೆಂಪು ಸ್ವಿಫ್ಟು. ಒಬ್ಬರೇ ಓನರು, ನಿವೃತ್ತಿಯಾದ ಹೆಂಗಸು. ನಾಲ್ಕು ವರ್ಷದಲ್ಲಿ ಇನ್ನೂರು ಕಿಲೋಮೀಟರೂ ಓಡಿಲ್ಲ. ಕುವೆಂಪುನಗರ. ಮುಂದಿನದು ರುದ್ರಸ್ವಾಮಿಗೆ ಕೇಳಿಸಲಿಲ್ಲ. ಆ ಕಾರನ್ನು ಆರಿಸಿದ್ದು ಅವನೇ. ಕಾಲೇಜೊಂದರಲ್ಲಿ ಲೈಬ್ರೇರಿಯನ್ ಆಗಿದ್ದ ಚೂಡಾಮಣಿ ಮೇಡಂ, ಕಲಿತು ಮುಗಿಸಿದ ಮೇಲೆ, ಯಾವ ಕಾರು ತಗೊಳ್ಳಲಿ ಎಂದು ಕೇಳಿದಾಗ, ತನಗೆ ಯಾವುದು ಬೇಕಿತ್ತೋ ಅದನ್ನೇ ಹೇಳಿದ್ದ. ಬಣ್ಣವನ್ನೂ ಹೇಳಿದ್ದ. ಕಾರು ಮನೆಗೆ ಬಂದ ಎಂಟನೇ ದಿನ ಅವರು ಸ್ವಂತ ಮನೆಯ ಗೇಟಿನ ಕಂಬಕ್ಕೆ ಗುದ್ದಿದರು. ಮಣಿಕಟ್ಟು ಮುರಿಯಿತು. ಇವನು ಮೂಸಂಬಿ ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದ. ಆ ಮನೆಗೆ ಬೇರೆ ಯಾರು ಬೇಕಾದರೂ ಕಾರು ಕೊಳ್ಳಲು ಹೋಗಬಹುದು, ತಾನೊಬ್ಬ ಹೋಗಕೂಡದು ಎಂದು ಅವನಿಗೆ ಸ್ಪಷ್ಟವಾಗಿತ್ತು. ಕೈ ತೊಳೆದುಕೊಂಡು, ಹನ್ನೆರಡಕ್ಕೆ ಬರುತ್ತೇನೆಂದು ಹೇಳಿ ಎಂದ.

ಕ್ಲಾಸಿನ ಹೊತ್ತು ಬಿಟ್ಟರೆ ಅವನ ಮನೆ ಮುಂದೆಯೇ ನಿಲ್ಲುತ್ತಿದ್ದ ಸ್ಕೂಲಿನ ಕಾರನ್ನು ಸ್ವಂತ ಕೆಲಸಕ್ಕೆ ತೆಗೆಯುವ ಹಾಗಿರಲಿಲ್ಲ. ಬಸ್ಸಿನಲ್ಲಿ ಅವನು ತನಗೆ ತಾನೇ ಬಹಳ ಗಟ್ಟಿಯಾಗಿ ಹೇಳಿಕೊಂಡ: ಕಾರು ನೋಡುವುದು, ಚೆನ್ನಾಗಿದ್ದರೆ ತರುವುದು, ಅಷ್ಟೇ. ನಾಲ್ಕು ವರ್ಷದ ಹಿಂದಿನದನ್ನು ಕೆದಕಿ ಯಾರಿಗೂ ಆಗಬೇಕಾದ್ದು ಏನೂ ಇಲ್ಲ. ಡ್ರೈವರು ಬ್ರೇಕು ಹಾಕಿದಾಗಲೆಲ್ಲ ಇವನ ಕಾಲೂ ಜೊತೆಗೆ ಒತ್ತುತ್ತಿತ್ತು. ಎದುರು ಸೀಟಿನ ಮಗುವೊಂದು ಆ ಕಾಲನ್ನೇ ನೋಡುತ್ತಿತ್ತು. ಬೀದಿ ತಿರುಗಿದಾಗ ಮೊದಲು ಕಂಡದ್ದು ಗೇಟಿನ ಕಂಬ. ಎಡಗಡೆಯದು. ಅರ್ಧದಿಂದ ಮೇಲೆ ಹಳೆಯ ಕಲ್ಲು, ಕೆಳಗೆ ಬೇರೆ ಬಣ್ಣದ ಸಿಮೆಂಟು. ಬಣ್ಣ ಬಳಿದು ಒಂದೇ ಮಾಡಬಹುದಿತ್ತು, ಮಾಡಿರಲಿಲ್ಲ. ಚೂಡಾಮಣಿ ವರಾಂಡದಲ್ಲೇ ಕೂತಿದ್ದರು. ಇವನನ್ನು ನೋಡಿ ಎದ್ದುನಿಂತು, ಬಿಂದುಮಾಧವ ಹೆಸರು ಹೇಳಲಿಲ್ಲವಲ್ಲ, ನೀವಾ ಎಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎಡಗೈಯಿಂದ ಕುರ್ಚಿ ಎಳೆದು ಹಾಕಿದರು, ಬಲಗೈ ಮಣಿಕಟ್ಟಿನ ಹತ್ತಿರ ಸ್ವಲ್ಪ ಸೊಟ್ಟಗಿತ್ತು.

ಕಾರಿನ ಹೊದಿಕೆ ತೆಗೆದಾಗ ರುದ್ರಸ್ವಾಮಿ ಅದರ ಸುತ್ತ ಒಮ್ಮೆ ನಡೆದ. ಮುಂದಿನ ಬಂಪರು ಹೊಸದು. ಉಳಿದಂತೆ ಅಂಗಡಿಯಿಂದ ನಿನ್ನೆ ಇಳಿಸಿದಂತಿತ್ತು. ನಾಲ್ಕು ವರ್ಷ ನಿಂತ ಕಾರಿನ ಬ್ಯಾಟರಿ ಸತ್ತಿರುತ್ತದೆ, ಟಯರು ಒಂದು ಕಡೆ ಚಪ್ಪಟೆಯಾಗಿರುತ್ತದೆ. ಇದು ಕೀಲಿ ತಿರುಗಿಸಿದ ಕೂಡಲೇ ಎದ್ದಿತು. ಪ್ರತಿ ಭಾನುವಾರ ಕೂತು ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ, ತಿಂಗಳಿಗೊಮ್ಮೆ ಎದುರುಮನೆಯ ಹುಡುಗರನ್ನು ಕರೆದು ಒಂದು ಮೊಳ ಹಿಂದೆ ಮುಂದೆ ತಳ್ಳಿಸುತ್ತೇನೆ, ಗೇರು ಮಾತ್ರ ಹಾಕಿಲ್ಲ ಎಂದರು. ಇನ್ಶೂರೆನ್ಸ್ ಕಟ್ಟುವುದನ್ನೂ ಬಿಟ್ಟಿರಲಿಲ್ಲ. ಡ್ರೈವರ್ ಸೀಟಿನ ಮೇಲೆ ಅವರ ಎತ್ತರಕ್ಕೆ ಬೇಕಾದ ದಿಂಬು ಇತ್ತು, ನಡುವೆ ಕುಳಿ ಬಿದ್ದಿತ್ತು. ಮಾರುವವರ ಕಾರು ಹೀಗಿರುವುದಿಲ್ಲ ಎಂದು ರುದ್ರಸ್ವಾಮಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲೇ ಅದುಮಿ, ರೂಢಿಯಂತೆ ಎಡಬಾಗಿಲು ತೆಗೆದು ಮಂಡಿಯೂರಿದ. ಡ್ಯಾಶ್‌ಬೋರ್ಡಿನ ಕೆಳಗೆ ಬೇಕಾದಷ್ಟು ಜಾಗವಿತ್ತು. ಕೈಕೊಡದ ಕಾರು, ಓಡಿಸಲು ಖುಷಿಯ ಕಾರು, ಪೆಡಲಿಗೆ ಜಾಗವಿರುವ ಕಾರು. ಎದ್ದು ನಿಂತಾಗ ಮಂಡಿಯ ಧೂಳನ್ನು ಚೂಡಾಮಣಿಯೇ ತೋರಿಸಿದರು.

ಕಾಫಿ ಬಂತು. ಬೆಲೆಯ ಮಾತು ಎತ್ತಬೇಕೆಂದು ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ ಆ ದಿನದ ಮಾತು ತೆಗೆದರು. ಮಾರುಕಟ್ಟೆಯಿಂದ ಬರುತ್ತಿದ್ದರಂತೆ. ಹಿಂದಿನ ಸೀಟಿನಲ್ಲಿ ಒಂದು ಚೀಲ ಬದನೆಕಾಯಿ. ಬೀದಿ ಖಾಲಿ. ಗೇಟಿನ ಹತ್ತಿರ ಬಂದು ಕ್ಲಚ್ಚು ಒತ್ತಿದರಂತೆ. ನಿಮ್ಮ ಕಾರಿನಲ್ಲಿ ಅಷ್ಟು ಮಾಡಿದರೆ ತಾನಾಗಿ ನಿಲ್ಲುತ್ತಿತ್ತು, ಇದು ನಿಲ್ಲಲೇ ಇಲ್ಲ; ಯಾಕೆ ನಿಲ್ಲುತ್ತಿಲ್ಲ ಎಂದು ಯೋಚನೆ ಮಾಡುತ್ತಾ ಕೂತಿದ್ದೆ, ಕಂಬ ಬಂದುಬಿಟ್ಟಿತು ಎಂದು ಅವರು ಬೇರೆ ಯಾರದೋ ಪೆದ್ದುತನವನ್ನು ಹೇಳುವಂತೆ ನಕ್ಕರು. ನೋಡಲು ಬಂದ ಅವರ ತಮ್ಮ, ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಬೇಕಿತ್ತಾ ಅಂದನಂತೆ. ಮೂವತ್ತು ವರ್ಷ ಸಾವಿರಾರು ಪುಸ್ತಕಗಳನ್ನು ಯಾವುದು ಎಲ್ಲಿದೆಯೆಂದು ಕಣ್ಣುಮುಚ್ಚಿ ಹೇಳುತ್ತಿದ್ದ ಹೆಂಗಸು, ಮೂರು ಪೆಡಲುಗಳಲ್ಲಿ ಯಾವುದು ಯಾವುದು ಎಂದು ತಿಳಿಯದವಳಾಗಿಬಿಟ್ಟೆ ಎಂದರು. ರುದ್ರಸ್ವಾಮಿಗೆ ಆಸ್ಪತ್ರೆಯ ಮಂಚದ ಪಕ್ಕ ಮೂಸಂಬಿಯ ಚೀಲ ಹಿಡಿದು ನಿಂತಿದ್ದ ತನ್ನ ರೂಪವೇ ಕಂಡಿತು. ಅವತ್ತೂ ಅವರು ಇದನ್ನೇ ಹೇಳಿದ್ದರು, ಕ್ಲಚ್ಚು ಒತ್ತಿದೆ, ನಿಲ್ಲಲಿಲ್ಲ ಎಂದು. ಲೈಸೆನ್ಸಿನ ಪರೀಕ್ಷೆಯಲ್ಲಿ ಅವರು ಮೊದಲ ಗೇರಿನಲ್ಲಿ ಎಂಟರಾಕಾರದ ಸುತ್ತು ಹಾಕಿ ಪಾಸಾಗಿದ್ದರು, ಆ ವೇಗಕ್ಕೆ ಬ್ರೇಕೇ ಬೇಕಿರಲಿಲ್ಲ. ಬೇಕಾದ ಕಡೆಯೆಲ್ಲ ಒತ್ತಿದ್ದು ಇವನ ಹೆಬ್ಬೆರಳು. ಗಾಬರಿಯಾಗಿರುತ್ತೀರಿ ಮೇಡಂ, ಎಲ್ಲರಿಗೂ ಆಗುತ್ತದೆ ಎಂದು ಹೇಳಿ, ಮೂಸಂಬಿ ಇಟ್ಟು, ಮೆಟ್ಟಿಲಿಳಿದು ಬಂದುಬಿಟ್ಟಿದ್ದ. ಬಂದವನು ಮಾರನೆಯ ದಿನದಿಂದ ಇನ್ನಷ್ಟು ಮೆತ್ತಗೆ ಒತ್ತತೊಡಗಿದ್ದ.

"ನಿಮ್ಮ ಹತ್ರ ಕಲಿತು ನಿಮ್ಮ ಹೆಸರು ಕೆಡಿಸಿಬಿಟ್ಟೆನಲ್ಲ ಅಂತ ನನಗೆ ನಾಚಿಕೆ ಕಣ್ರೀ," ಎಂದರು ಚೂಡಾಮಣಿ. "ರಸ್ತೇಲಿ ನಿಮ್ಮ ಸ್ಕೂಲ್ ಕಾರು ಕಂಡ್ರೆ ಅಂಗಡಿ ಒಳಗೆ ಹೋಗಿ ನಿಂತ್ಕೋತಿದ್ದೆ. ಬೇರೆಯವರಿಗಾದ್ರೆ ಒಂದು ರೇಟು ಹೇಳಿದೀನಿ. ನಿಮಗೆ ನೀವು ಹೇಳಿದ್ದೇ ರೇಟು. ಅಷ್ಟಾದ್ರೂ ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ."

ಅಗ್ಗವಾಗಿ ಸಿಗುವುದೆಂದರೆ ಹೀಗೆ ಸಿಗುವುದೆಂದು ಅವನು ಎಣಿಸಿರಲಿಲ್ಲ. ಹೂಂ ಎಂದರೆ ಸಾಕಿತ್ತು. ಸಂಜೆಯೊಳಗೆ ಕಾರು ಮನೆ ಮುಂದಿರುತ್ತದೆ, ನಾಳೆ ಸಿದ್ದು ಪೆಡಲು ಹಾಕುತ್ತಾನೆ, ಗಿರಿಜಾ ಚಕ್ರಗಳಿಗೆ ನಿಂಬೆಹಣ್ಣು ಇಡುತ್ತಾಳೆ. ಅವಳು ಒಬ್ಬಳೇ ಹೊರಟೇಬಿಟ್ಟರೆ? ಬೆಳಗಿನ ಜಾವ, ನರಸೀಪುರದ ರಸ್ತೆಯಲ್ಲಿ, ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬರುವಾಗ, ಅವಳೂ ಕ್ಲಚ್ಚು ಒತ್ತಿ, ಯಾಕೆ ನಿಲ್ಲುತ್ತಿಲ್ಲ ಎಂದು ಯೋಚಿಸುತ್ತಾ ಕೂತರೆ? ಕಾಫಿ ಲೋಟದ ತಳದಲ್ಲಿ ಸಕ್ಕರೆ ಕರಗದೆ ಉಳಿದಿತ್ತು. ಅದನ್ನು ನೋಡುತ್ತಲೇ ಅವನು ಬಾಯಿ ಬಿಟ್ಟ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ವಿದ್ಯೆಯನ್ನು ಬಿಡಿಸಿ ಹೇಳಿದ. ಕಾಲು ಹೇಗಿಡುತ್ತೇನೆ, ಎಷ್ಟು ಒತ್ತುತ್ತೇನೆ, ಮುಖವನ್ನು ಯಾವ ಕಡೆ ತಿರುಗಿಸುತ್ತೇನೆ ಎಲ್ಲವನ್ನೂ. ಬ್ಯಾಂಕಿನ ಹೆಂಗಸಿನ ಚಪ್ಪಲಿಯ ಕಥೆಯನ್ನು ಹೇಳಹೊರಟು ಅರ್ಧದಲ್ಲಿ ನಿಲ್ಲಿಸಿದ. ಅದು ತಪ್ಪಿಸಿಕೊಳ್ಳುವ ದಾರಿಯೆಂದು ತೋರಿತು.

"ಅವತ್ತು ನೀವು ತಪ್ಪು ಮಾಡ್ಲಿಲ್ಲ ಮೇಡಂ. ನಾನು ಕಲಿಸಿದ್ದು ಏನೋ ಅದನ್ನೇ ಮಾಡಿದ್ರಿ."

ಚೂಡಾಮಣಿ ಸೊಟ್ಟಗಿದ್ದ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡರು. ಬೀದಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಲೈಬ್ರೇರಿಯಲ್ಲಿ ಪುಸ್ತಕ ಹರಿದವರನ್ನು ಕೇಳುವ ದನಿಯಲ್ಲಿ.

"ಮೂಸಂಬಿ ತಂದ್ರಲ್ಲ, ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಎದ್ದು ಒಳಗೆ ಹೋದರು. ಇನ್ನು ಹೊರಡು ಎಂಬ ಅರ್ಥವಿರಬಹುದೆಂದು ರುದ್ರಸ್ವಾಮಿಯೂ ಎದ್ದ. ಮುಖ ಎಲ್ಲಿಡಬೇಕೆಂದು ತಿಳಿಯದೆ ಕಂಬದ ಸಿಮೆಂಟು ನೋಡುತ್ತ ನಿಂತ. ಅವರು ಬಂದದ್ದು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೀಲಿ ಹಿಡಿದು. ಗೇಟು ಪೂರ್ತಿ ತೆಗೆಯಿರಿ, ಎಡಗಡೆ ಕೂತುಕೊಳ್ಳಿ ಎಂದರು. ಅವನು ಕೂತ. ಕೂತ ಕೂಡಲೇ ಬಲಗಾಲು ಮುಂದಕ್ಕೆ ಹೋಗಿ ಬರಿಯ ಮ್ಯಾಟನ್ನು ಒತ್ತಿತು. ಚೂಡಾಮಣಿ ಅದನ್ನು ಕಂಡರು. ಅಷ್ಟು ತಿಂಗಳು ಪಕ್ಕದಲ್ಲಿ ಕೂತಿದ್ದರೂ ಅವನ ಕಾಲನ್ನು ಅವರು ನೋಡಿದ್ದು ಇದೇ ಮೊದಲು.

"ಕಾಲು ಮೇಲೆ ತಗೊಳ್ಳಿ. ಊಟಕ್ಕೆ ಕೂತ್ಕೊಳ್ಳೋ ಹಾಗೆ ಕೂತ್ಕೊಳ್ಳಿ."

ಅವನು ಬೂಟು ಬಿಚ್ಚಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಸೀಟ್ ಬೆಲ್ಟು ಮಂಡಿಗೆ ಸಿಕ್ಕಿಕೊಂಡಿತು. ಪಂಕ್ತಿಯಲ್ಲಿ ಎಲೆಗೆ ಕಾದು ಕೂತವನಂತೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಎದುರುಮನೆಯ ಮಹಡಿಯಿಂದ ಯಾರೋ ನೋಡಿದರು. ಕಾರು ಜಗ್ಗಿ ನಿಂತುಹೋಯಿತು. ಮತ್ತೆ ಜಗ್ಗಿತು, ನಿಂತಿತು. ಮೂರನೇ ಸಲಕ್ಕೆ ಆ ಎರಡು ಬಣ್ಣದ ಕಂಬವನ್ನು ಒಂದು ಗೇಣಿನಲ್ಲಿ ದಾಟಿ ಬೀದಿಗಿಳಿಯಿತು. ಎರಡನೇ ಗೇರು. ಉದ್ಯಾನದ ಬದಿಯ ನೇರ ರಸ್ತೆಗೆ ಬಂದಾಗ ಅವರು ಕೇಳದೆಯೇ ಮೂರಕ್ಕೆ ಹಾಕಿದರು, ಕಾರು ಸಣ್ಣಗೆ ಹಾರಿತು. ಅವನು ತಿಂಗಳಿಂದ ಹುಡುಕುತ್ತಿದ್ದ ನೆಗೆತ ಅದೇ. ಅದು ಅವನ ಬೆನ್ನಿಗೆ ಬಂದು ತಾಕಿತು, ಆದರೆ ಆ ಹೊತ್ತಿನಲ್ಲಿ ಖುಷಿಪಡಲು ಅವನಿಗೆ ಪುರುಸೊತ್ತಿರಲಿಲ್ಲ. ತಿರುವಿನಲ್ಲಿ ಸಿಟಿ ಬಸ್ಸೊಂದು ಮೂತಿ ತೋರಿಸಿತ್ತು. ಮಡಚಿದ ಕಾಲೊಳಗೆ ಮಾಂಸ ಗಂಟು ಕಟ್ಟಿತು. ಈಗ ಒತ್ತಬೇಕು. ಈಗ. ತಡವಾಯಿತು. ಬಾಯಿ ತೆರೆದರೆ ಕೂಗುತ್ತೇನೆಂದು ಹಲ್ಲು ಕಚ್ಚಿದ. ಬಸ್ಸಿನ ಹೆಡ್‌ಲೈಟಿನ ಮೇಲೆ ಅಂಟಿದ್ದ ಸತ್ತ ಹುಳುಗಳೂ ಕಾಣುತ್ತಿದ್ದವು. ಆಗ ಕಾರು ಧಡಕ್ಕನೆ ನಿಂತಿತು. ಬೆಲ್ಟು ಎದೆಗೆ ಕೊಯ್ದು, ಅವನ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಇಪ್ಪತ್ತೊಂದು ವರ್ಷಗಳಿಂದ ಅವನು ಕೂತ ಕಾರು ಅಷ್ಟು ಒರಟಾಗಿ ನಿಂತಿರಲಿಲ್ಲ. ಬಸ್ಸಿನವನು ಏನೋ ಬೈದು ಮುಂದೆ ಹೋದ. ಚೂಡಾಮಣಿ ಬಗ್ಗಿ ಬ್ರೇಕಿನ ಮೇಲಿದ್ದ ತಮ್ಮ ಬರಿಗಾಲನ್ನು ನೋಡಿದರು.

"ಇದು ನಂದು," ಎಂದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ, ಅವನಿಗಲ್ಲ, "ಇದು ನಂದು."

ಉದ್ಯಾನವನ್ನು ನಾಲ್ಕು ಸುತ್ತು ಹಾಕಿ ಅವರು ಮನೆಗೆ ವಾಪಸಾದರು. ಗೇಟಿನ ಹತ್ತಿರ ಮತ್ತೆ ಧಡಕ್ಕೆಂದಿತು, ಕಂಬಕ್ಕೆ ಮೂರು ಅಡಿ ಮೊದಲೇ. ಕೀಲಿಯನ್ನು ಅವರು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಾರು ಕೊಡುವುದಿಲ್ಲ, ಬಿಂದುಮಾಧವನಿಗೆ ತಾನೇ ಹೇಳುತ್ತೇನೆ ಎಂದರು. ನಿಮ್ಮನ್ನು ಕ್ಷಮಿಸಿದೆ ಎಂದುಕೊಂಡು ಹೋಗಬೇಡಿ, ನಾಲ್ಕು ವರ್ಷ ಕಡಿಮೆಯಲ್ಲ ಎಂದೂ ಹೇಳಿದರು. ರುದ್ರಸ್ವಾಮಿ ತಲೆ ಆಡಿಸಿ ಇಳಿಯಹೋದರೆ ಎರಡು ಕಾಲೂ ಜೋಮು ಹಿಡಿದಿದ್ದವು. ಬಾಗಿಲು ಹಿಡಿದು ಸ್ವಲ್ಪ ಹೊತ್ತು ಕಾಲಿಲ್ಲದವನಂತೆ ನಿಂತ. ಕೈಗೆ ಬಂದ ಕಾರು ತಪ್ಪಿದ್ದಕ್ಕೆ ಹೊಟ್ಟೆ ಉರಿಯುತ್ತಿತ್ತು, ಅದು ಸುಳ್ಳಲ್ಲ. ಬೂಟು ಹಾಕಿಕೊಂಡು ಬೀದಿ ಕೊನೆಗೆ ಬಂದು ಸಿದ್ದುವಿಗೆ ಫೋನು ಮಾಡಿ, ಪೆಡಲು ಬೇಡ ಎಂದ. ಯಾವ ಕಾರು ಬಂದರೂ ಬೇಡ. ಬುಡಣ್ಣ, ಒಳ್ಳೇದಾಯ್ತು ಎಂದು ಸಿದ್ದು ಬೇರೇನೂ ಕೇಳಲಿಲ್ಲ.

ಮನೆಗೆ ಬಂದಾಗ ನಾಲ್ಕು ಗಂಟೆ. ಗಿರಿಜಾ ನೆಲದ ಮೇಲೆ ಬ್ರಷ್ಷುಗಳನ್ನು ಹರಡಿಕೊಂಡು ಒಂದೊಂದನ್ನೇ ಒರೆಸುತ್ತಿದ್ದಳು. ಕಾರು ಸಿಕ್ಕಿತಾ ಎಂದಳು, ತಲೆ ಎತ್ತದೆ. ಇಲ್ಲ, ಕಾರು ಆಮೇಲೆ, ಮೊದಲು ಒಂದು ಮಾತಿದೆ ಎಂದು ಅವನು ಅವಳೆದುರು ಕೂತ. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವುದು ಸುಲಭವೆಂದುಕೊಂಡಿದ್ದ, ಸುಲಭವಾಗಲಿಲ್ಲ. ಅವಳ ಕೈ ನಿಧಾನವಾಯಿತು, ನಿಲ್ಲಲಿಲ್ಲ. ಕೊನೆಯ ಬ್ರಷ್ಷನ್ನೂ ಒರೆಸಿ ಬಟ್ಟೆಯಲ್ಲಿ ಸುತ್ತಿದಳು. ದೇವರ ಮುಂದೆ ಲೈಸೆನ್ಸ್ ಇಟ್ಟ ಪೆದ್ದಿ ನಾನು ಎಂದಳು. ಅವಳ ಮುಖದ ಮೇಲೆ ಸಿಟ್ಟು ಬರಲಿ ಎಂದು ಅವನು ಕಾಯುತ್ತಿದ್ದ; ಬಂದದ್ದು ಅವಮಾನ, ಅದನ್ನು ನೋಡಲಾಗಲಿಲ್ಲ. ಮದುವೆ ಒಪ್ಪಿಕೊಂಡಾಗಿದೆ ಎಂದಳು. ಇನ್ನೂ ಹತ್ತು ದಿನ ಇದೆ ಎಂದ. ಅವಳು ಎದ್ದು ಮೊಳೆಗೆ ನೇತುಹಾಕಿದ್ದ ಸ್ಕೂಲಿನ ಕಾರಿನ ಕೀಲಿ ತೆಗೆದುಕೊಂಡು ಮೆಟ್ಟಿಲಿಳಿದಳು.

ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು, ಆಟೋಗಳು, ನೀರಿನ ಟ್ಯಾಂಕರು. ಈ ಹೊತ್ತಿನಲ್ಲಿ ಅವನು ಯಾರನ್ನೂ ಇಲ್ಲಿ ಓಡಿಸಲು ಬಿಡುತ್ತಿರಲಿಲ್ಲ. ಮಂಡಕಳ್ಳಿ ಕಡೆ ಹೋಗೋಣ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡ. ಎಡಗಡೆ ಕೂತು, ಬೆಲ್ಟು ಹಾಕಿ, ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ಏನು ಮಾಡುತ್ತಿದ್ದೀರಿ ಎಂದಳು. ಕಾಲು ಮೇಲಿಟ್ಟುಕೊಳ್ಳುತ್ತೇನೆ, ಒತ್ತಬಾರದಲ್ಲ ಎಂದ. ಗಿರಿಜಾ ಕೀಲಿ ತಿರುಗಿಸುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದಳು.

"ಕಾಲು ಕೆಳಗೇ ಇರ್ಲಿ. ಬ್ರೇಕಿನ ಪಕ್ಕದಲ್ಲೇ ಇಟ್ಕೊಳ್ರೀ. ನೀವು ಒತ್ತದೇ ಇರೋದನ್ನ ನಾನು ನೋಡ್ಬೇಕು."

ಅವನು ದಾರ ಮತ್ತೆ ಕಟ್ಟಿ, ಬಲಗಾಲನ್ನು ಬ್ರೇಕಿನ ಪಕ್ಕ, ಒಂದು ಬೆರಳಿನಷ್ಟು ಆಚೆ, ಇಟ್ಟುಕೊಂಡ. ಗಿರಿಜಾ ಆ ಸವೆದ ಬೂಟನ್ನು ಒಮ್ಮೆ ನೋಡಿದಳು, ಕನ್ನಡಿ ನೋಡಿದಳು, ಟ್ಯಾಂಕರು ಹತ್ತಿರ ಬರುತ್ತಿದ್ದ ರಸ್ತೆಯನ್ನು ನೋಡಿದಳು. ಆಮೇಲೆ ಕ್ಲಚ್ಚು ಬಿಟ್ಟಳು.